ಮಣಿಕಟ್ಟಿನ ಎರಡು ಪಟ್ಟಿ

ಫೆಬ್ರವರಿ 9

ಮಗಳೇ,

ಮೊದಲು ಇಲ್ಲಿಯವರೆಗೆ ಆದ ಖರ್ಚು ಬರೆಯುತ್ತೇನೆ, ಮಾತು ಆಮೇಲೆ. ಮನುಷ್ಯ ಒಬ್ಬ, ವಯಸ್ಸು ಐವತ್ತೊಂಬತ್ತು. ನಮ್ಮ ಬೀರು ಶೆಡ್ಡಿನಲ್ಲಿ ಅವನು ತಗಡು ಬಡಿದ ವರ್ಷ ನಲವತ್ತು. ನಿಮ್ಮ ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅವನು ಕಾದದ್ದು ಎರಡು ಗಂಟೆ ಹತ್ತು ನಿಮಿಷ. ಅಷ್ಟರೊಳಗೆ ನಾನು ನಿನಗೆ ಮಾಡಿದ ಫೋನು ಏಳು, ನೀನು ಎತ್ತಿದ್ದು ಸೊನ್ನೆ. ಶೆಡ್ಡಿನಲ್ಲಿ ಅರ್ಧಕ್ಕೆ ನಿಂತ ಬೀರು ಮೂರು, ಅದರಲ್ಲಿ ಒಂದಕ್ಕೆ ಬಾಗಿಲೇ ಇಲ್ಲ. ಅವನ ಹೆಂಡತಿ ಆವತ್ತಿನಿಂದ ಆಡಿದ ಮಾತು ಹತ್ತೋ ಹನ್ನೆರಡೋ. ಇದಿಷ್ಟು ಹದಿನಾರು ದಿನದ್ದು. ಜೀವಮಾನದಲ್ಲಿ ಮೊದಲ ಸಲ ನಾನು ಹಾಕಿದ ಲೆಕ್ಕದಲ್ಲಿ ದುಡ್ಡು ಬಂದಿಲ್ಲ, ನೋಡು.

ನಿನ್ನ ಮೈಕ್ ಮಾಮನ ಗಂಟಲು ನಿನಗೆ ಗೊತ್ತು. ತಗಡು ಬಡಿದು ಬಡಿದು ಎರಡೂ ಕಿವಿ ಹೋದ ಮೇಲೆ ಅವನ ದನಿ ಅವನಿಗೇ ಕೇಳುತ್ತಿರಲಿಲ್ಲ. ಹಾಗಾಗಿ ಇಡೀ ಬೀದಿಗೆ ಕೇಳಿಸುತ್ತಿದ್ದ, ಮೈಕ್ ಎಂದು ಹೆಸರು ಬಿದ್ದದ್ದೇ ಅದಕ್ಕೆ. ಕಿವಿಗೆ ಮಷಿನು ಹಾಕಿಸುತ್ತೇನೆ ಎಂದು ಆರು ವರ್ಷದಿಂದ ಅವನಿಗೆ ಹೇಳುತ್ತಿದ್ದೆ. ಹೇಳುವುದಕ್ಕೇನು, ಅವನಿಗೆ ಹೇಗೂ ಕೇಳುತ್ತಿರಲಿಲ್ಲ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡಲು ಹೋಗುತ್ತಿದ್ದವನು ಗೇಟಿನಲ್ಲೇ ನಿಂತು ‘ನಮ್ಮ ಡಾಕ್ಟರು ಬಂದ್ರು, ದಾರಿ ಬಿಡಿ’ ಎಂದು ಕೂಗುತ್ತಿದ್ದ. ಆಗ ನಿನಗೆ ಆರು ವರ್ಷ. ಡಾಕ್ಟರಾಗುತ್ತೀಯ ಎಂದು ನಿನಗಿಂತ ಮೊದಲು ತೀರ್ಮಾನ ಮಾಡಿದವನು ಅವನು.

ನನ್ನ ಪ್ರಶ್ನೆ ಮೂರೇ. ನೀನು ಎಲ್ಲಿದ್ದೆ? ಅವನನ್ನು ಅಷ್ಟು ಹೊತ್ತು ಯಾಕೆ ಕೂರಿಸಿದರು? ಅವನ ಹೆಣ ಮನೆಗೆ ಬಂದಾಗ ಮಣಿಕಟ್ಟಿನಲ್ಲಿ ಒಂದು ಹಸಿರು ಪಟ್ಟಿ, ಒಂದು ಕೆಂಪು ಪಟ್ಟಿ ಇದ್ದವಲ್ಲ, ಅವು ಏನು? ಅವನ ಹೆಂಡತಿ ಎರಡನ್ನೂ ಕತ್ತರಿಸಿ ಸೂಜಿದಾರದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ.

ಫೋನಿನ ಮೇಲೆ ನನಗೆ ನಂಬಿಕೆ ಹೋಯಿತು. ಹಳೆಯ ಬಿಲ್ ಪುಸ್ತಕಗಳ ಹಿಂಬದಿ ಖಾಲಿಯೇ ಇದೆ. ಇನ್ನು ಮೇಲೆ ಹೀಗೇ.

ನಿನ್ನ
ಅಪ್ಪ


ಫೆಬ್ರವರಿ 21

ಅಪ್ಪಾ,

ನೀವು ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ. ಸತ್ತವರ ಮನೆಯವರೊಡನೆ ಮಾತಾಡುವಾಗ ಸುತ್ತಿ ಬಳಸಬಾರದು, ‘ಹೋದರು’ ‘ಉಳಿಸಿಕೊಳ್ಳಲಾಗಲಿಲ್ಲ’ ಅನ್ನಬಾರದು, ಕೂತುಕೊಂಡು ‘ಸತ್ತರು’ ಎಂದೇ ಹೇಳಬೇಕು ಎಂದು ನಾನು ವಿದ್ಯಾರ್ಥಿಗಳಿಗೆ ಕಲಿಸುತ್ತೇನೆ. ಹಾಗೆಯೇ ಬರೆಯುತ್ತೇನೆ.

ಮಾಮ ಬಂದದ್ದು ಮಧ್ಯಾಹ್ನ ಒಂದು ಐವತ್ತಕ್ಕೆ. ಬೆನ್ನುನೋವು ಅಂದರು, ಬೆಳಿಗ್ಗೆ ಬೀರು ಎತ್ತಿದ್ದೆ ಅಂದರು. ಈಸಿಜಿ ತೆಗೆದರು, ಅದರಲ್ಲಿ ಏನೂ ಕಾಣಲಿಲ್ಲ. ನಮ್ಮ ತುರ್ತು ವಿಭಾಗದ ಬಾಗಿಲಲ್ಲಿ ಕೂತ ಡಾಕ್ಟರು ಬಂದವರ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟುತ್ತಾರೆ. ಕೆಂಪು ಅಂದರೆ ಈಗಲೇ, ಹಳದಿ ಅಂದರೆ ಬೇಗ, ಹಸಿರು ಅಂದರೆ ಕಾಯಬಹುದು. ಆವತ್ತು ಅಲ್ಲಿದ್ದವಳು ನನ್ನ ಕೈಕೆಳಗೆ ಕಲಿಯುತ್ತಿರುವ ಕಿರಿಯ ಡಾಕ್ಟರ್. ಅವಳು ಹಸಿರು ಕಟ್ಟಿದಳು.

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಪದರ ಸೀಳುತ್ತಾ ಬಂದಿತ್ತು. ನಾಲ್ಕು ಗಂಟೆಗೆ ಕುರ್ಚಿಯಿಂದ ಜಾರಿ ಬಿದ್ದರು. ಆಗ ಕೆಂಪು ಕಟ್ಟಿದರು. ಹಸಿರನ್ನು ಬಿಚ್ಚಲು ಯಾರಿಗೂ ಪುರುಸೊತ್ತಿರಲಿಲ್ಲ.

ನಾನು ಮೇಲಿನ ಮಹಡಿಯಲ್ಲಿ ಪಾಠ ಮಾಡುತ್ತಿದ್ದೆ. ಫೋನು ಸೈಲೆಂಟಿನಲ್ಲಿತ್ತು. ಕೆಳಗಿನಿಂದ ನರ್ಸ್ ಬಂದು ಕರೆದರು, ಓಡಿಹೋದಾಗ ಎದೆ ಒತ್ತುತ್ತಿದ್ದರು. ಒತ್ತುತ್ತಿದ್ದವನಿಗೆ ದಣಿವಾಗಿತ್ತು, ನಾನು ಕೈ ಬದಲಾಯಿಸಿದೆ. ಇಪ್ಪತ್ತು ನಿಮಿಷ ಒತ್ತಿದೆ. ಮುಖ ನೋಡಿದ್ದು ಆಮೇಲೆ.

ಸತ್ತರು, ಅಪ್ಪಾ.

ನಿಮ್ಮ ಮಗಳು


ಮಾರ್ಚ್ 4

ಮಗಳೇ,

ನಿನ್ನ ಪುಸ್ತಕ ಮೂರು ವರ್ಷದಿಂದ ಶೋರೂಮಿನ ಗಾಜಿನ ಬೀರುವಿನಲ್ಲಿದೆ. ಬಂದ ಗಿರಾಕಿಗಳಿಗೆಲ್ಲ ತೋರಿಸಿದ್ದೇನೆ, ಬರೆದವಳು ನನ್ನ ಮಗಳು, ಎಮರ್ಜೆನ್ಸಿಯ ದೊಡ್ಡ ಡಾಕ್ಟರು, ಕಾಲೇಜಿನಲ್ಲಿ ಪಾಠವನ್ನೂ ಮಾಡುತ್ತಾಳೆ ಎಂದು. ಪ್ಲಾಸ್ಟಿಕ್ ಹೊದಿಕೆ ಮಾತ್ರ ತೆಗೆದಿರಲಿಲ್ಲ. ಹೊಸದಾಗಿ ಕಾಣಲಿ ಎಂದು. ಈಗ ತೆಗೆದೆ. ಶೆಡ್ಡಿನಲ್ಲಿ ಸದ್ದಿಲ್ಲ, ಓದುವುದಕ್ಕೆ ಅನುಕೂಲ.

ಚೆನ್ನಾಗಿ ಬರೆಯುತ್ತೀ. ಗಂಡ ಸತ್ತದ್ದನ್ನು ಹೇಳಲು ಹೋದಾಗ ಆ ಹೆಂಗಸು ನಿನಗೇ ನೀರು ತಂದುಕೊಟ್ಟಳಲ್ಲ, ಅಲ್ಲಿ ಕನ್ನಡಕ ತೆಗೆದು ಒರೆಸಿಕೊಂಡೆ. ಆಮೇಲೆ ನಲವತ್ತೊಂದನೇ ಪುಟ ಬಂತು.

‘ಬಾಗಿಲಲ್ಲಿ ಕೂಗುವವನಲ್ಲಿ ಇನ್ನೂ ಉಸಿರಿದೆ. ಮೊದಲು ಸುಮ್ಮನೆ ಕೂತವನ ಬಳಿಗೆ ಹೋಗಿ. ನನ್ನ ಹಳೆಯ ಗುರುಗಳೊಬ್ಬರು ಹೇಳಿಕೊಟ್ಟ ಪಾಠವಿದು.’

ಆ ಗುರುಗಳು ನನಗೆ ಚೆನ್ನಾಗಿ ಗೊತ್ತು. ನಾಲ್ಕನೇ ಕ್ಲಾಸು ಓದಿದ್ದಾರೆ, ಬೀರು ಮಾರುತ್ತಾರೆ. ನಿನಗಾಗ ಹನ್ನೆರಡು ವರ್ಷ. ಕೌಂಟರಿನ ಪಕ್ಕ ಸ್ಟೂಲಿನ ಮೇಲೆ ಕೂತು ಮನೆಪಾಠ ಮಾಡುತ್ತಿದ್ದೆ. ಅಂಗಡಿಯಲ್ಲಿ ಇಬ್ಬರು ಗಿರಾಕಿ. ನಾನು ನಿನ್ನ ಕಿವಿಯಲ್ಲಿ ಹೇಳಿದೆ: ‘ರೇಟಿಗೆ ಕೂಗಾಡ್ತಾ ಇದಾನಲ್ಲ, ಅವನು ಎಲ್ಲೂ ಹೋಗಲ್ಲ, ತಗೊಂಡೇ ಹೋಗ್ತಾನೆ. ಬಾಗಿಲ ಕೀಲು ಮುಟ್ಟಿ ನೋಡ್ತಾ ಸುಮ್ಮನೆ ನಿಂತಿದಾನಲ್ಲ, ಅವನು ಕಳಚಿಕೊಳ್ಳೋನು. ಮೊದಲು ಅವನನ್ನ ಹಿಡೀಬೇಕು.’ ನೀನು ಅದನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ. ನನಗೆ ಎಷ್ಟು ಹೆಮ್ಮೆಯಾಗಿತ್ತು ಎಂದರೆ ಕೂಗಾಡುತ್ತಿದ್ದವನಿಗೆ ರೇಟು ಇಳಿಸಿಬಿಟ್ಟೆ.

ಅದು ಬೀರು ಮಾರುವ ಉಪಾಯ ಮಗಳೇ. ನನ್ನನ್ನು ಗುರುಗಳು ಮಾಡಿದ್ದಕ್ಕೆ ಬೇಜಾರಿಲ್ಲ. ಅಪ್ಪ ಎಂದು ಬರೆಯಲು ಯಾಕೆ ಕೈ ಬರಲಿಲ್ಲ ಎಂದೂ ಕೇಳುವುದಿಲ್ಲ. ಇದನ್ನು ಎಷ್ಟು ಜನರಿಗೆ ಕಲಿಸಿದ್ದೀ ಎಂದಷ್ಟೇ ಕೇಳುತ್ತೇನೆ. ಹಸಿರು ಕಟ್ಟಿದ ಹುಡುಗಿಗೂ ಕಲಿಸಿದ್ದೆಯಾ?

ನಿನ್ನ
ಅಪ್ಪ


ಮಾರ್ಚ್ 12

ಅಪ್ಪಾ,

ವರ್ಷಕ್ಕೆ ನಲವತ್ತು ಜನರಂತೆ ಒಂಬತ್ತು ವರ್ಷ. ಗುಣಾಕಾರ ನೀವೇ ಮಾಡಿಕೊಳ್ಳಿ. ಅವಳಿಗೂ ಕಲಿಸಿದ್ದೆ.

ನಿಮ್ಮ ಮಾತು ಬಹಳ ಸಲ ನಿಜವೇ ಆಗಿತ್ತು. ಬೆರಳು ಮುರಿದವನು ಇಡೀ ಕಟ್ಟಡ ಎದ್ದು ನಿಲ್ಲುವ ಹಾಗೆ ಕೂಗುತ್ತಾನೆ. ಒಳಗೆ ರಕ್ತ ಸೋರುತ್ತಿರುವವಳು ಮೂಲೆಯಲ್ಲಿ ಸೆರಗು ಸರಿಮಾಡಿಕೊಂಡು ಕೂತಿರುತ್ತಾಳೆ. ಹಾಗೆ ಕೂತವರನ್ನು ಎಷ್ಟೋ ಜನರನ್ನು ಆ ಒಂದು ಮಾತಿನಿಂದ ಉಳಿಸಿದ್ದೇನೆ. ಹತ್ತರಲ್ಲಿ ಒಂಬತ್ತು ಸಲ ನಿಜವಾಗುವ ಮಾತನ್ನು ಯಾರೂ ತಿರುಗಿಸಿ ನೋಡುವುದಿಲ್ಲ.

ಆಸ್ಪತ್ರೆಯವರು ವಿಚಾರಣೆ ಇಟ್ಟಿದ್ದಾರೆ. ಇಪ್ಪತ್ತೈದನೇ ತಾರೀಖು ನಾನು ಹೇಳಿಕೆ ಕೊಡಬೇಕು. ಕಿರಿಯ ಡಾಕ್ಟರ್ ನನಗೆ ಬರೆದದ್ದನ್ನು ಜೊತೆಗಿಟ್ಟಿದ್ದೇನೆ, ಓದಿ ವಾಪಸು ಕಳಿಸಿ. ಏನು ಮಾಡಲಿ ಹೇಳಿ. ನಿಮ್ಮನ್ನು ಹೀಗೆ ಕೇಳಿ ಎಷ್ಟು ವರ್ಷವಾಯಿತೋ.

ನಿಮ್ಮ ಮಗಳು


(ಜೊತೆಗಿಟ್ಟ ಪತ್ರ)

ಮಾರ್ಚ್ 8

ಮೇಡಂ,

ವಿಭಾಗದಲ್ಲಿ ನಿಮ್ಮನ್ನು ಎದುರಿಗೆ ನೋಡಿದರೆ ಮಾತು ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಅವರು ಬಂದ ಕ್ಷಣದಿಂದ ಕೂಗುತ್ತಿದ್ದರು. ನಾನು ಕೇಳಿದ್ದಕ್ಕೆಲ್ಲ ಬೇರೇನೋ ಉತ್ತರ ಕೊಡುತ್ತಿದ್ದರು. ಅವರಿಗೆ ಕಿವಿ ಕೇಳುವುದಿಲ್ಲ ಎಂದು ಹೊಳೆಯಲಿಲ್ಲ, ಜಗಳಕ್ಕೆ ಬಂದಿದ್ದಾರೆ ಅಂದುಕೊಂಡೆ. ‘ನಿಮ್ಮ ಡಾಕ್ಟರಮ್ಮ ಇದಾರಲ್ಲ, ಅವರಪ್ಪನೇ ನನ್ನ ಕಳಿಸಿರೋದು’ ಎಂದು ಮತ್ತೆ ಮತ್ತೆ ಕೂಗಿದರು. ‘ನಮ್ಮ ಅಪ್ಪನ ಹೆಸರು ಹೇಳಿಕೊಂಡು ಯಾರು ಬಂದರೂ ಸರದಿಯಲ್ಲೇ ಕೂರಿಸಿ, ಒಂದು ಕುರ್ಚಿಯೂ ಮುಂದೆ ಬಿಡಬೇಡಿ’ ಎಂದು ನೀವು ಮೊದಲ ವಾರವೇ ಹೇಳಿದ್ದಿರಿ. ನಿಮ್ಮ ಆ ನ್ಯಾಯ ನನಗೆ ಬಹಳ ಇಷ್ಟವಾಗಿತ್ತು.

ಒಂದು ಗಂಟೆ ಮುಕ್ಕಾಲು ಕೂಗಿದರು. ಆಮೇಲೆ ಸುಮ್ಮನಾದರು. ಸುಮ್ಮನಾದದ್ದನ್ನು ನಾನು ಗಮನಿಸಲಿಲ್ಲ ಎಂದು ಎಲ್ಲರೂ ತಿಳಿದಿದ್ದಾರೆ. ನಿಮಗೆ ಮಾತ್ರ ಹೇಳುತ್ತೇನೆ ಮೇಡಂ, ಗಮನಿಸಿದ್ದೆ. ಸದ್ಯ, ನಿಂತಿತಲ್ಲ ಅಂದುಕೊಂಡೆ. ಪಕ್ಕದಲ್ಲಿದ್ದ ನರ್ಸಕ್ಕ ‘ಬ್ಯಾಟರಿ ಮುಗೀತು’ ಅಂದರು. ನಾವಿಬ್ಬರೂ ನಕ್ಕೆವು.

ವಿಚಾರಣೆಯಲ್ಲಿ ನಲವತ್ತೊಂದನೇ ಪುಟದ ಮಾತನ್ನು ಹೇಳಿದ್ದೇನೆ, ತರಗತಿಯಲ್ಲಿ ಕಲಿತದ್ದು ಎಂದು. ಪುಸ್ತಕದ ಮಾತು ಆಸ್ಪತ್ರೆಯ ನಿಯಮವಲ್ಲ ಅಂದರು. ನಿಮ್ಮ ಅಪ್ಪನ ಹೆಸರಿನ ವಿಷಯ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ನೀವು ಕಲಿಸಿದ್ದು ನಿಜ ಎಂದು ನೀವೊಬ್ಬರು ಹೇಳಿದರೆ ನನ್ನನ್ನು ಉಳಿಸಿಕೊಳ್ಳುತ್ತಾರಂತೆ. ಇಲ್ಲದಿದ್ದರೆ ಇಲ್ಲ.

ನಿಮ್ಮ ವಿದ್ಯಾರ್ಥಿನಿ


ಮಾರ್ಚ್ 16

ಮಗಳೇ,

ಆ ಹುಡುಗಿಯ ಪತ್ರ ವಾಪಸು ಕಳಿಸಿದ್ದೇನೆ. ಎರಡು ಸಲ ಓದಿದೆ. ಮೂರನೇ ಸಲ ಓದಿದರೆ ಅವಳ ಪರವಾಗಿಬಿಡುತ್ತೇನೆ ಎಂದು ಲಕೋಟೆಗೆ ಹಾಕಿ ಅಂಟಿಸಿಬಿಟ್ಟೆ.

ನನ್ನ ಮಾತು ಕೇಳು. ಕೌಂಟರಿನಲ್ಲಿ ಆಡಿದ ಮಾತಿಗೆ ರಸೀದಿ ಇರುವುದಿಲ್ಲ. ಬೀರುವಿಗೆ ತುಕ್ಕು ಹಿಡಿಯುವುದೇ ಇಲ್ಲ ಎಂದು ನಾನು ಮೂವತ್ತು ವರ್ಷ ಹೇಳಿದ್ದೇನೆ, ಬಿಲ್ಲಿನ ಮೇಲೆ ಒಂದು ಸಲವೂ ಬರೆದಿಲ್ಲ. ನೀನು ಹೇಳಬೇಕಾದದ್ದು ಇಷ್ಟೇ: ಅದು ಓದುಗರಿಗೆ ಬರೆದ ಪುಸ್ತಕ, ಅದರಲ್ಲಿ ನಾಲ್ಕು ಚಂದದ ಮಾತು ಇರುತ್ತವೆ, ಅರ್ಧ ಗಂಟೆಗೊಮ್ಮೆ ಎಲ್ಲರನ್ನೂ ಮತ್ತೆ ನೋಡಬೇಕೆಂಬ ನಿಯಮವೂ ಅದೇ ಪುಸ್ತಕದಲ್ಲಿದೆ, ಅದು ಎಲ್ಲರಿಗೂ ಗೊತ್ತಿತ್ತು. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಆ ಹುಡುಗಿಗೆ ಇಪ್ಪತ್ತಾರು ಇರಬಹುದು. ಬೇರೆ ಕಡೆ ಕೆಲಸ ಹುಡುಕಿಕೊಳ್ಳುತ್ತಾಳೆ. ನಿನಗೆ ನಲವತ್ತೈದು. ಹದಿನೆಂಟು ವರ್ಷ ಅಲ್ಲಿ ದುಡಿದಿದ್ದೀ. ನೀನು ಬಾಯಿಬಿಟ್ಟರೆ ಪಾಠವೂ ಹೋಯಿತು, ಪುಸ್ತಕವೂ ಹೋಯಿತು, ಮೈಕು ಮಾತ್ರ ವಾಪಸು ಬರುವುದಿಲ್ಲ. ಒಬ್ಬರನ್ನು ಕಳೆದುಕೊಂಡಾಗ ಇನ್ನೊಬ್ಬರನ್ನೂ ಅವರ ಜೊತೆಗೆ ಎಸೆಯುವುದು ಯಾವ ವ್ಯಾಪಾರ?

ಹುಡುಗಿಯನ್ನು ದೂರಬೇಡ. ಸುಮ್ಮನಿರು, ಸಾಕು.

ನಿನ್ನ
ಅಪ್ಪ


ಏಪ್ರಿಲ್ 3

ಅಪ್ಪಾ,

ನೀವು ಹೇಳಿದ ಹಾಗೆಯೇ ಹೇಳಿದೆ. ‘ಚಂದದ ಮಾತು’ ಅನ್ನುವುದನ್ನೂ ಸೇರಿಸಿದೆ. ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಥ್ಯಾಂಕ್ಸ್ ಮೇಡಂ ಅಂದರು, ಒಬ್ಬರು ಪುಸ್ತಕಕ್ಕೆ ಸಹಿ ಹಾಕಿಸಿಕೊಂಡರು.

ಅವಳನ್ನು ಮಾರ್ಚ್ ಮೂವತ್ತೊಂದಕ್ಕೆ ಕೆಲಸದಿಂದ ಬಿಡಿಸಿದರು.

ನಾನು ಆ ಕೋಣೆಯಿಂದ ಹೊರಗೆ ಬಂದಾಗ ಅವಳು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಳು. ಅಳಲಿಲ್ಲ, ಬೈಯಲಿಲ್ಲ, ಏನನ್ನೂ ಕೇಳಲಿಲ್ಲ. ಸುಮ್ಮನೆ ಕೂತಿದ್ದಳು. ನಾನು ಅವಳ ಮುಂದಿನಿಂದಲೇ ನಡೆದುಕೊಂಡು ಹೋದೆ.

ನಿಮ್ಮ ಮಗಳು


ಮೇ 11

ಮಗಳೇ,

ಒಂದು ತಿಂಗಳ ಮೇಲಾಯಿತು, ಬರೆಯಲಿಲ್ಲ. ಹುಷಾರಾಗಿದ್ದೇನೆ. ಶೆಡ್ಡಿಗೆ ಬೀಗ ಹಾಕಿದೆ. ಬಾಗಿಲಿಲ್ಲದ ಬೀರುವನ್ನು ಯಾರೂ ಕೊಳ್ಳಲಿಲ್ಲ, ಮೈಕಿನ ಸುತ್ತಿಗೆ, ಕತ್ತರಿಗಳನ್ನು ಅದರೊಳಗೇ ಜೋಡಿಸಿಟ್ಟಿದ್ದೇನೆ.

ಕಳೆದ ವಾರ ಅವನ ಮನೆಗೆ ಹೋಗಿದ್ದೆ. ಅವನ ಹೆಂಡತಿ ಟೀ ಕೊಟ್ಟಳು, ಎದುರಿಗೆ ಕೂತಳು, ಹೊಲಿಗೆ ಹಿಡಿದುಕೊಂಡಳು. ನಾನು ಅಂಗಡಿಯ ವಿಷಯ, ಬಿಸಿಲಿನ ವಿಷಯ ಎಲ್ಲ ಮಾತಾಡಿದೆ. ಮಾತಾಡುವುದು ನನಗೆ ಕಷ್ಟವಲ್ಲ. ಅವಳು ತಲೆಯೆತ್ತದೆ ದಾರ ಕಚ್ಚಿ ತುಂಡು ಮಾಡಿದಳು, ಆಮೇಲೆ ಹೇಳಿದಳು:

‘ಅಣ್ಣಾ, ಆವತ್ತು ಆ ಕುರ್ಚಿಯಿಂದ ಅವರು ನನಗೂ ಫೋನ್ ಮಾಡಿದ್ರು. ಅಣ್ಣ ಕೂಗು ಅಂದಿದಾರೆ ಕಣೇ, ಕೂಗ್ತಾ ಇದೀನಿ, ಕೂಗಿದಷ್ಟೂ ನೋವು ಜಾಸ್ತಿ ಆಗ್ತಿದೆ, ಆದ್ರೂ ಅಣ್ಣನೇ ಹೇಳಿದಾರಲ್ಲ ಅಂತ ಕೂಗ್ತಾ ಇದೀನಿ ಅಂದ್ರು. ನೀವೇ ಬಂದು ಹೇಳ್ತೀರಾ ಅಂತ ಕಾಯ್ತಾ ಇದ್ದೆ. ಜನವರಿಯಿಂದ ಕಾದೆ.’

ಟೀ ಲೋಟ ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ಕೈಯಲ್ಲೇ ಹಿಡಿದುಕೊಂಡು ‘ಹೌದು’ ಅಂದೆ. ಅವಳಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತೇನೆ.

ಮೈಕು ಎರಡೂಕಾಲಿಗೆ ನನಗೆ ಫೋನ್ ಮಾಡಿದ್ದ. ಕೈಗೆ ಹಸಿರು ಕಟ್ಟಿದಾರೆ, ಕೂತಿರು ಅಂದಿದಾರೆ, ಕೂತಿರಲಾ ಅಂದ. ಅಲ್ಲಿಯವರೆಗೆ ಅವನು ಕೂಗಿದ್ದು ಬರೀ ಅವನ ಮಾಮೂಲಿ ದನಿ. ನಾನು ಹೇಳಿದೆ, ಅಲ್ಲೆಲ್ಲ ಸುಮ್ಮನೆ ಕೂತರೆ ಯಾರೂ ಮೂಸಿ ನೋಡಲ್ಲ, ಜೋರಾಗಿ ಕೂಗು, ನನ್ನ ಹೆಸರು ಹೇಳು. ಅವನಿಗೆ ಕೇಳಲಿಲ್ಲ. ‘ಕೂಗು’ ಅನ್ನುವುದನ್ನು ನಾಲ್ಕು ಸಲ ನಾನೇ ಕೂಗಿ ಹೇಳಬೇಕಾಯಿತು. ಅಂಗಡಿಗೆ ಬಂದಿದ್ದ ಗಿರಾಕಿಗಳು ನಕ್ಕರು. ನಾನೂ ನಕ್ಕೆ.

ಕೌಂಟರಿನ ಈಚೆ ನಿಂತಾಗ ನಿನಗೆ ಒಂದು ಹೇಳಿಕೊಟ್ಟಿದ್ದೆ. ಕೌಂಟರಿನ ಆಚೆ ನಿಂತ ನನ್ನ ಮನುಷ್ಯನಿಗೆ ಅದರ ತದ್ವಿರುದ್ಧ ಹೇಳಿದೆ. ನೀನು ನನ್ನ ಮೊದಲನೇ ಮಾತು ನಡೆಸಿದೆ, ಅವನು ಎರಡನೆಯದನ್ನು ನಡೆಸಿದ. ಇಬ್ಬರೂ ನನ್ನ ಮಾತು ಮೀರಿದವರಲ್ಲ.

ಫೆಬ್ರವರಿಯಲ್ಲಿ ಬರೆದ ಖರ್ಚಿನಲ್ಲಿ ನೀನು ಎತ್ತದ ಏಳು ಫೋನು ಬರೆದೆ, ನನ್ನ ಈ ಒಂದನ್ನು ಬರೆಯಲಿಲ್ಲ. ಸುಮ್ಮನಿರು ಎಂದು ನಿನಗೆ ಬುದ್ಧಿ ಹೇಳಿದ್ದೂ ನಿನಗೋಸ್ಕರ ಮಾತ್ರ ಅಲ್ಲ. ವಿಚಾರಣೆ ಬೆಳೆದರೆ ಅವನ ಫೋನು ತೆಗೆದು ನೋಡುತ್ತಾರೆ ಎಂಬ ಭಯವಿತ್ತು.

ಒಂದೇ ಪ್ರಶ್ನೆ ಉಳಿದಿದೆ. ನೀನು ಡಾಕ್ಟರು, ನಿನ್ನ ವಿದ್ಯಾರ್ಥಿಗಳಿಗೆ ಕಲಿಸುವ ಹಾಗೆಯೇ ಹೇಳು. ಆ ನಾಳ ಸೀಳಿದವನು ಕೂಗಿದರೆ, ಅದು ಇನ್ನೂ ಬೇಗ ಸೀಳುತ್ತದೆಯೇ?

ನಿನ್ನ
ಅಪ್ಪ


ಜೂನ್ 20

ಅಪ್ಪಾ,

ಸೀಳುತ್ತದೆ. ಕೂಗಿದಾಗ ರಕ್ತದ ಒತ್ತಡ ಏರುತ್ತದೆ. ಅಂಥವರನ್ನು ನಾವು ಮೊದಲು ಮಲಗಿಸಿ, ನೋವು ಇಳಿಸಿ, ಸಮಾಧಾನ ಮಾಡುತ್ತೇವೆ. ಮಲಗಿಸಿದ್ದರೆ ಖಂಡಿತ ಉಳಿಯುತ್ತಿದ್ದರು ಎಂದೂ ಹೇಳಲಾರೆ. ಅವಕಾಶವಿತ್ತು. ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಹೇಳಬೇಕಾಗಿತ್ತು. ಬರಲು ಎರಡು ಸಲ ಬಸ್ ನಿಲ್ದಾಣದವರೆಗೆ ಹೋಗಿದ್ದೆ.

ನಿಮ್ಮ ಖರ್ಚಿನ ಪಟ್ಟಿಯಲ್ಲಿ ನನ್ನದೂ ಒಂದು ಬಿಟ್ಟುಹೋಗಿದೆ. ಫೋನು ಸೈಲೆಂಟಿನಲ್ಲಿತ್ತು ಎಂದು ಬರೆದಿದ್ದೆ. ಇತ್ತು. ಆದರೆ ಎದುರಿಗೇ ಮೇಜಿನ ಮೇಲಿತ್ತು. ‘ಅಪ್ಪ’ ಎಂದು ಬೆಳಗುತ್ತಿತ್ತು, ಆರುತ್ತಿತ್ತು. ಇನ್ನೊಬ್ಬರ ಮಂಡಿನೋವು ಇರಬೇಕು, ಯಾರನ್ನೋ ಸರದಿ ತಪ್ಪಿಸಿ ಒಳಗೆ ಬಿಡು ಅನ್ನುತ್ತೀರಿ ಅಂದುಕೊಂಡೆ. ಹನ್ನೊಂದು ವರ್ಷದಿಂದ ನೀವು ಫೋನ್ ಮಾಡಿದ್ದೆಲ್ಲ ಅದಕ್ಕೇ. ಮುಂದಿನ ಬೆಂಚಿನ ಹುಡುಗನೊಬ್ಬ ‘ಮೇಡಂ, ಫೋನು’ ಅಂದ. ಆ ಹೊತ್ತಿಗೆ ಸರಿಯಾಗಿ ನಿಮ್ಮ ಪಾಠವನ್ನೇ ಮಾಡುತ್ತಿದ್ದೆ. ‘ಏಳು ಸಲ ಕೂಗುವವರು ಆರೋಗ್ಯವಾಗಿರುತ್ತಾರೆ’ ಎಂದು ಹೇಳಿ ಫೋನನ್ನು ಬೋರಲು ಹಾಕಿದೆ. ನಲವತ್ತು ಜನ ನಕ್ಕರು.

ಈಗ ಪಾಠ ಮಾಡುವುದಿಲ್ಲ. ಬರೆಯುವುದೂ ಇಲ್ಲ. ಕೆಳಗೆ ಕೆಲಸ ಮಾತ್ರ. ಯಾರಾದರೂ ಕೂಗಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಅವರ ಕಡೆ ಓಡುತ್ತೇನೆ. ಹೋದ ವಾರ ಹಾಗೆ ಓಡಿದಾಗ ಮೂಲೆಯಲ್ಲಿ ಒಬ್ಬ ಮುದುಕಿ ಸುಮ್ಮನೆ ಕೂತಿದ್ದಳು. ನರ್ಸ್ ನೋಡಿ ಕರೆದಳು, ಮುದುಕಿ ಉಳಿದುಕೊಂಡಳು. ನಾನು ನೋಡಿರಲಿಲ್ಲ.

ನಿಮ್ಮ ಮಗಳು


ಜುಲೈ 5

ಮಗಳೇ,

ನಿನ್ನ ಪತ್ರದ ಕಾಗದದ ತಲೆಯ ಮೇಲೆ ‘ವಿಭಾಗದ ಮುಖ್ಯಸ್ಥೆ’ ಎಂದು ಅಚ್ಚಾಗಿದೆ. ಮೊದಲಿನ ಮೂರು ಪತ್ರದ ಕಾಗದದಲ್ಲಿ ಇರಲಿಲ್ಲ. ನೀನು ಹೇಳಲಿಲ್ಲ, ನಾನೂ ಕೇಳುವುದಿಲ್ಲ. ಮೈಕು ಇದ್ದಿದ್ದರೆ ಬೀದಿಗೆಲ್ಲ ಹೇಳುತ್ತಿದ್ದ.

ಬಸ್ ನಿಲ್ದಾಣದವರೆಗೆ ಬಂದವಳು ಯಾಕೆ ತಿರುಗಿಹೋದೆ ಎಂದೂ ಕೇಳುವುದಿಲ್ಲ. ನಾನೂ ನಿಮ್ಮ ಆಸ್ಪತ್ರೆಯ ಗೇಟಿನವರೆಗೆ ಒಂದು ಸಲ ಬಂದಿದ್ದೆ. ಕಾವಲಿನವನು ಯಾರನ್ನು ನೋಡಬೇಕು ಎಂದು ಕೇಳಿದ. ಡಾಕ್ಟರಮ್ಮನ ಅಪ್ಪ ಅನ್ನಲು ಬಾಯಿ ಬರಲಿಲ್ಲ. ಹಾಗೆ ಹೇಳಿಕೊಂಡು ಬಂದವರಿಗೆ ಅಲ್ಲಿ ಏನಾಗುತ್ತದೆ ಎಂದು ಓದಿದ್ದೇನಲ್ಲ. ಡಾಕ್ಟರಮ್ಮ ಬರೆದ ಪುಸ್ತಕ ಹುಡುಕಿಕೊಂಡು ಬಂದೆ ಅಂದೆ. ಅದು ಎದುರಿನ ಪುಸ್ತಕದಂಗಡಿಯಲ್ಲೇ ಇತ್ತು, ಮೂರನೇ ಮುದ್ರಣ. ಬಿಡಿಸಿ ನೋಡಿದೆ. ನಲವತ್ತೊಂದನೇ ಪುಟ ಇದ್ದ ಹಾಗೆಯೇ ಇದೆ.

ಆ ಹುಡುಗಿಯ ವಿಳಾಸ ಹುಡುಕಿ ಒಂದು ಕಾಗದ ಬರೆದಿದ್ದೆ, ಗುರುಗಳು ನಾನೇ, ತಪ್ಪು ನನ್ನದು ಎಂದು. ಎರಡು ಸಾಲಿನ ಉತ್ತರ ಬಂತು. ಔಷಧಿ ಡಬ್ಬಿಗಳ ಮೇಲೆ ಅಂಟಿಸುವ ಚೀಟಿ ತಪ್ಪಿಲ್ಲದೆ ಇದೆಯೇ ಎಂದು ನೋಡುವ ಕೆಲಸವಂತೆ. ಅಲ್ಲಿ ಯಾರೂ ಕೂಗುವುದಿಲ್ಲ, ಚೆನ್ನಾಗಿದೆ ಎಂದು ಬರೆದಿದ್ದಾಳೆ.

ಖರ್ಚು ಮೊದಲೇ ಬರೆದಿದ್ದೆ. ಈಗ ಯಾರಿಗೆ ಏನು ಸಿಕ್ಕಿತು ಎಂದು ಬರೆದು ಲೆಕ್ಕದ ಪುಸ್ತಕ ಮುಚ್ಚುತ್ತೇನೆ.

ಆಸ್ಪತ್ರೆಗೆ ಗೋಡೆಯ ಮೇಲೆ ಒಂದು ಹೊಸ ಫಲಕ, ಗೇಟಿನಿಂದಲೇ ಕಾಣುತ್ತದೆ: ಅರ್ಧ ಗಂಟೆಗೊಮ್ಮೆ ಎಲ್ಲರನ್ನೂ ಮತ್ತೆ ನೋಡಬೇಕು.

ಪ್ರಕಾಶಕನಿಗೆ ಮೂರನೇ ಮುದ್ರಣ.

ನಿನಗೆ ಕಾಗದದ ತಲೆಯ ಮೇಲೆ ಎರಡು ಪದ.

ಹುಡುಗಿಗೆ ಸದ್ದಿಲ್ಲದ ಕೋಣೆ.

ಮೈಕಿನ ಹೆಂಡತಿಗೆ ನನ್ನ ಬಾಯಿಂದ ಒಂದು ‘ಹೌದು’, ಮೂರು ತಿಂಗಳು ತಡವಾಗಿ.

ನನಗೆ ನಿನ್ನ ನಾಲ್ಕು ಪತ್ರ. ಅದಕ್ಕೆ ಹಿಂದಿನ ಹನ್ನೊಂದು ವರ್ಷದಲ್ಲಿ ಒಂದೂ ಇರಲಿಲ್ಲ.

ಮೈಕಿಗೆ ಕೆಂಪು ಪಟ್ಟಿ. ನಾಲ್ಕು ಗಂಟೆಗೆ.

ನಿನ್ನ
ಅಪ್ಪ